ಬೆಚ್ಚಗಿನ ಪೆಟ್ಟಿಗೆಯೊಳಗೆ ಉಸಿರುಗಟ್ಟಿದ ಬೆಂಕಿ

ಮಾಂಸ ಮೆತ್ತಗೆ ಬೆಂದಿರುತ್ತದೆ, ಮೂಳೆ ಹಿಡಿದು ಎಳೆದರೆ ಹಾಗೇ ಕೈಗೆ ಬರುತ್ತದೆ, ಮೇಲಿನ ಬಣ್ಣವಂತೂ ಬೆಲ್ಲದ ಪಾಕ. ಆದರೆ ಎರಡು ತುತ್ತು ಇಳಿದ ಮೇಲೆ ನಾಲಿಗೆ ತುದಿ ಜೋಮು ಹಿಡಿದ ಹಾಗಾಗಿ, ಗಂಟಲಲ್ಲಿ ಮಸಿ ಕೆರೆದಂಥ ಕಹಿಯೊಂದು ಕೂತುಬಿಡುತ್ತದೆ. ಬೆಂಗಳೂರಿನಲ್ಲಿ ಟೆರೇಸಿನ ಮೇಲೋ ಊರಾಚೆಯ ತೋಟದಲ್ಲೋ ಸ್ವಂತ ಸ್ಮೋಕರ್ (ಸೌದೆಯ ಬಿಸಿ ಹೊಗೆಯಲ್ಲಿ ಮಾಂಸ ನಿಧಾನಕ್ಕೆ ಬೇಯಿಸುವ ಪೆಟ್ಟಿಗೆ) ಮಾಡಿಸಿ ಇಟ್ಟುಕೊಂಡವರ ಮನೆಯ ಊಟದಲ್ಲಿ ಈ ಕಹಿ ಮತ್ತೆ ಮತ್ತೆ ಎದುರಾಗುತ್ತದೆ. ವಿಚಿತ್ರವೆಂದರೆ, ಹಳೇ ಡ್ರಮ್ಮು ಸೀಳಿ ಮಾಡಿದ ತೆಳು ತಗಡಿನ ಸ್ಮೋಕರಿಗಿಂತ, ಎರಡು ಗೋಡೆ ಕಟ್ಟಿಸಿ ನಡುವೆ ಶಾಖ ಸೋರದಂತೆ ತಡೆಯುವ ಇನ್ಸುಲೇಷನ್ ತುಂಬಿಸಿದ ದುಬಾರಿ ಪೆಟ್ಟಿಗೆಯಲ್ಲೇ ಇದು ಜಾಸ್ತಿ. ಸೌದೆ ಸರಿಯಿಲ್ಲ, ಮಸಾಲೆ ಹೆಚ್ಚಾಯಿತು, ಹಂದಿ ಬಲಿತಿತ್ತು ಅಂತ ಒಬ್ಬೊಬ್ಬರದು ಒಂದೊಂದು ಕಾರಣ. ಪೆಟ್ಟಿಗೆಯ ಮೇಲೆ ಮಾತ್ರ ಯಾರಿಗೂ ಅನುಮಾನ ಬರುವುದಿಲ್ಲ. ಯಾಕೆ ಬರಬೇಕು? ಅದು 120 ಡಿಗ್ರಿಯನ್ನು ಗಂಟೆಗಟ್ಟಲೆ ಅಲ್ಲಾಡದಂತೆ ಹಿಡಿದು ನಿಲ್ಲಿಸುತ್ತದಲ್ಲ.

ಕಾಮಾಕ್ಷಿಪಾಳ್ಯದ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಇಂಥದೊಂದು ಪೆಟ್ಟಿಗೆಗೆ ಮೊದಲ ಬೆಂಕಿ ಹಾಕಿದ ಸಂಜೆಯ ದೃಶ್ಯ ಇದನ್ನು ಚೆನ್ನಾಗಿ ತೋರಿಸುತ್ತದೆ. ಎಲ್ಲ ಕಿಂಡಿಗಳನ್ನೂ ಕಾಲಂಗುಲಕ್ಕೆ ಇಳಿಸಿದ್ದರು. ಮೀಟರು 118ರಲ್ಲಿ ನಿಂತಿತ್ತು, ಮಾಡಿಸಿದವರ ಮುಖದಲ್ಲಿ ಸಂತೋಷ. ಚಿಮಣಿಯಿಂದ ಮಾತ್ರ ದೇವರ ಮುಂದೆ ಧೂಪ ಹಾಕಿದಂತೆ ದಪ್ಪ ಬಿಳಿ ಹೊಗೆ ಸುರುಳಿ ಸುರುಳಿಯಾಗಿ ಬರುತ್ತಿತ್ತು. ಕೆಲಸದ ಹುಡುಗನೊಬ್ಬ ಬೆಂಕಿ ಆರಿಹೋಯಿತೇನೋ ಎಂದು ಬೆಂಕಿಗೂಡಿನ ಬಾಗಿಲು ತೆರೆದ. ಭಗ್ ಎಂದು ಜ್ವಾಲೆ ಎದ್ದಿತು. ಒಂದು ನಿಮಿಷದೊಳಗೆ ಹೊಗೆ ಮಾಯ. ಚಿಮಣಿ ಬಾಯಲ್ಲಿ ಬಿಸಿಗಾಳಿ ನಡುಗುವುದಷ್ಟೇ ಕಾಣುತ್ತಿತ್ತು. ಮೀಟರು 140, 155, 170. "ಮುಚ್ಚೋ, ಮುಚ್ಚೋ, ಟೆಂಪರೇಚರ್ ಹೋಗ್ತಾ ಇದೆ!" ಅಂತ ಕೂಗು. ಹುಡುಗ ಮುಚ್ಚಿದ. ಬಿಳಿ ಹೊಗೆ ವಾಪಸ್ಸು ಬಂತು, ಎಲ್ಲರಿಗೂ ಸಮಾಧಾನವಾಯಿತು.

ಇನ್ಸುಲೇಷನ್ ಇರುವ ಸೌದೆ ಸ್ಮೋಕರಿನ ಕಷ್ಟವೆಲ್ಲ ಆ ಎರಡು ನಿಮಿಷದಲ್ಲಿತ್ತು. ಪೆಟ್ಟಿಗೆಗೆ ಬೇಕಾದ ಶಾಖ ತೀರಾ ಕಡಿಮೆ. ಚೊಕ್ಕವಾಗಿ ಉರಿಯುವ ಸೌದೆ ಬೆಂಕಿ ಕೊಡುವ ಶಾಖ ಅದಕ್ಕಿಂತ ಎಷ್ಟೋ ಜಾಸ್ತಿ. ನಡುವಿನ ಈ ವ್ಯತ್ಯಾಸವನ್ನು ಎಲ್ಲಿ ಕಳೆಯಬೇಕು ಎಂದು ಮೊದಲೇ ಯೋಚಿಸದಿದ್ದರೆ, ಕೊನೆಗೆ ಬೆಂಕಿಯ ಕತ್ತು ಹಿಸುಕಿಯೇ ಕಳೆಯಬೇಕಾಗುತ್ತದೆ.

ಲೆಕ್ಕ ಮೊದಲು, ಕಬ್ಬಿಣ ಆಮೇಲೆ

ಒಳಗಡೆ 60 ಸೆಂ.ಮೀ. ಅಗಲ, 60 ಆಳ, 90 ಎತ್ತರದ ಕಪಾಟು ಅಂತಿಟ್ಟುಕೊಳ್ಳೋಣ. ಮನೆಮಂದಿ, ನೆಂಟರಿಷ್ಟರು ಸೇರಿ ಇಪ್ಪತ್ತು–ಮೂವತ್ತು ಜನಕ್ಕೆ ಇದು ಧಾರಾಳ. ಆರೂ ಮೈ ಸೇರಿ ಸುಮಾರು 2.9 ಚದರ ಮೀಟರ್. ಒಳಗೆ 120, ಹೊರಗೆ 27 ಡಿಗ್ರಿ. ಬರೀ ತಗಡಾದರೆ ಗೋಡೆಗಳಿಂದ ಸೋರುವ ಶಾಖ ಹತ್ತಿರ ಹತ್ತಿರ 1300 ವ್ಯಾಟ್. ನಡುವೆ 50 ಮಿ.ಮೀ. ದಪ್ಪದ, ಕಲ್ಲಿನ ನೂಲಿನ ಹಾಸಾದ ರಾಕ್‌ವೂಲ್ ಹಾಕಿದರೆ ಅದು 220 ವ್ಯಾಟಿಗೆ ಇಳಿಯುತ್ತದೆ. ಬಾಗಿಲು, ಚೌಕಟ್ಟು, ಬೋಲ್ಟುಗಳ ಮೂಲಕ ಹೋಗುವುದನ್ನೂ ಸೇರಿಸಿ 450 ವ್ಯಾಟ್ ಎಂದಿಟ್ಟುಕೊಳ್ಳಿ. ಒಂದು ಸಣ್ಣ ಇಸ್ತ್ರಿಪೆಟ್ಟಿಗೆಗೂ ಇದಕ್ಕಿಂತ ಹೆಚ್ಚು ಬೇಕು.

ಈಗ ಇನ್ನೊಂದು ಕಡೆ ನೋಡಿ. ಚೆನ್ನಾಗಿ ಒಣಗಿದ ಒಂದು ಕೆ.ಜಿ. ಸೌದೆಯಲ್ಲಿ ನಾಲ್ಕು ಯೂನಿಟ್ ಕರೆಂಟಿಗಿಂತ ಸ್ವಲ್ಪ ಹೆಚ್ಚು ಶಾಖ ಇದೆ. 450 ವ್ಯಾಟ್ ಕೊಡಲು ಗಂಟೆಗೆ 110 ಗ್ರಾಂ ಸೌದೆ ಸಾಕು, ಅಂದರೆ ಒಂದು ಹಿಡಿ ಚಕ್ಕೆ. ಗಂಟೆಗೆ 110 ಗ್ರಾಂ ಸೌದೆಯನ್ನು ಜ್ವಾಲೆಯಾಗಿ ಉರಿಸಲು ಯಾರಿಂದಲೂ ಆಗುವುದಿಲ್ಲ; ಅದು ಹೊಗೆಯಾಡುತ್ತದೆ ಅಷ್ಟೇ. ಸೌದೆ ಬಿಸಿಯಾದಾಗ 200 ಡಿಗ್ರಿ ದಾಟುತ್ತಿದ್ದಂತೆ ಆವಿ, ಎಣ್ಣೆ, ಟಾರು ಬಿಡಲು ಶುರುಮಾಡುತ್ತದೆ. ಇವು ಹೊತ್ತಿಕೊಂಡು ಉರಿಯಬೇಕಾದರೆ ಗಾಳಿಯ ಜೊತೆಗೆ 600 ಡಿಗ್ರಿಯ ಆಸುಪಾಸಿನ ಶಾಖ ಬೇಕು. ಎರಡರಲ್ಲಿ ಒಂದು ಕೈಕೊಟ್ಟರೂ ಟಾರು ಹಸಿಯಾಗಿಯೇ ಮೇಲೆ ಹೋಗಿ ತಣ್ಣಗಿರುವ ಮಾಂಸಕ್ಕೆ ಅಂಟುತ್ತದೆ. ನಾಲಿಗೆಯ ಜೋಮು ಅಲ್ಲಿಂದ ಬಂದದ್ದು.

ಕೈ ಹಾಕದೆ ಸಣ್ಣ ಜ್ವಾಲೆಯೊಂದು ನಿಲ್ಲಬೇಕಾದರೆ ಗಂಟೆಗೆ 600ರಿಂದ 700 ಗ್ರಾಂ ಸೌದೆಯಾದರೂ ಉರಿಯುತ್ತಿರಬೇಕು. 700 ಗ್ರಾಂ ಎಂದರೆ 2.9 ಕಿಲೋವ್ಯಾಟ್. ಗೋಡೆಗಳು ತಿನ್ನುವುದು 0.45. ಉಳಿದ ಎರಡೂವರೆ ಕಿಲೋವ್ಯಾಟ್ ಚಿಮಣಿಯಿಂದ ಗಾಳಿಯ ಹೆಗಲ ಮೇಲೆ ಹೊರಗೆ ಹೋಗಬೇಕು. ಆ ಗಾಳಿ 120 ಡಿಗ್ರಿಯಲ್ಲೇ ಹೋಗಬೇಕು ಎಂದರೆ ಗಂಟೆಗೆ ಹತ್ತಿರ ಹತ್ತಿರ 90 ಘನ ಮೀಟರ್ ತಣ್ಣನೆ ಗಾಳಿ ಒಳಗೆ ಬರಬೇಕು. ಸೌದೆ ಉರಿಯಲು ಬೇಕಾದದ್ದು, ಧಾರಾಳವಾಗಿ ಕೊಟ್ಟರೂ, ಇದರಲ್ಲಿ 8 ಘನ ಮೀಟರ್. ಉಳಿದ 82 ಬರೀ ಬೆರಕೆ ಗಾಳಿ.

ಹಾಗಾದರೆ ಇನ್ಸುಲೇಷನ್ ಯಾಕೆ, ತಗಡಿನ ಡ್ರಮ್ಮೇ ಸಾಕಲ್ಲ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ತಗಡಿನ ಡ್ರಮ್ಮು ತನ್ನ ಮೈಯಿಂದಲೇ ಶಾಖ ಸೋರಿಸುತ್ತದೆ, ಹಾಗಾಗಿ ಬೆಂಕಿ ದೊಡ್ಡದಾಗಿಯೇ ಉರಿಯಬೇಕು, ಅದರಿಂದಲೇ ಹೊಗೆಯೂ ಚೊಕ್ಕ. ಆದರೆ ಅದು ಎಲ್ಲಿ ಸೋರಿಸುತ್ತದೆ ಎನ್ನುವುದು ನಮ್ಮ ಕೈಯಲ್ಲಿಲ್ಲ. ಗಾಳಿ ಬೀಸುವ ಕಡೆಯ ಮೂಲೆ 95, ಬೆಂಕಿ ಕಡೆಯ ಮೂಲೆ 150. ಜುಲೈ ತಿಂಗಳ ಬೆಂಗಳೂರಿನ ಜಿಟಿಜಿಟಿ ಮಳೆ ತಗಡಿನ ಮೇಲೆ ಬಿತ್ತೆಂದರೆ ಹತ್ತು ನಿಮಿಷದಲ್ಲಿ ಎಲ್ಲ ತಲೆಕೆಳಗು. ಇನ್ಸುಲೇಷನ್ನಿನ ಲಾಭ ಸೌದೆ ಉಳಿತಾಯದಲ್ಲಿಲ್ಲ. ಒಳಗೆ ಎಲ್ಲ ಮೂಲೆಯೂ ಒಂದೇ ಶಾಖದಲ್ಲಿರುತ್ತದೆ, ಮಿಕ್ಕಿದ ಶಾಖ ನಾವು ಹೇಳಿದ ದಾರಿಯಿಂದ ಮಾತ್ರ ಹೊರಗೆ ಹೋಗುತ್ತದೆ, ಅದೇ ಲಾಭ.

ಎರಡು ಬಗೆಯ ಕಿಂಡಿ

ಆದ್ದರಿಂದ ಗಾಳಿಗೆ ಎರಡು ಬೇರೆ ಬೇರೆ ದಾರಿ ಬೇಕು. ಒಂದು ಬೆಂಕಿಯದು: ಜಾಲರಿಯ ಕೆಳಗೆ, 30 ಚದರ ಸೆಂ.ಮೀ. ಇದ್ದರೆ ಸಾಕು. ಇನ್ನೊಂದು ಬೆರಕೆ ಗಾಳಿಯದು: ಬೆಂಕಿಗೂಡಿಗೂ ಕಪಾಟಿಗೂ ನಡುವಿನ ಕತ್ತಿನಲ್ಲಿ, 5 × 10 ಸೆಂ.ಮೀ.ಯ ಮೂರು ಕಿಂಡಿ, ಮೂರಕ್ಕೂ ಜಾರುವ ಮುಚ್ಚಳ. ಒಟ್ಟು 150 ಚದರ ಸೆಂ.ಮೀ., ಅಂದರೆ ಬೆಂಕಿಯ ಕಿಂಡಿಯ ಐದು ಪಟ್ಟು. ನಕ್ಷೆ ನೋಡಿದ ಮೇಸ್ತ್ರಿಗಳು "ಇಷ್ಟು ತೂತು ಇಟ್ರೆ ಇನ್ಸುಲೇಷನ್ ಯಾಕೆ ಸಾರ್?" ಅಂತ ನಗುತ್ತಾರೆ. ನಗಲಿ.

ಈ ಬೆರಕೆ ಕಿಂಡಿ ಎಲ್ಲಿರಬೇಕು ಎನ್ನುವುದರಲ್ಲಿ ಮಾತ್ರ ತಪ್ಪಬಾರದು. ಜ್ವಾಲೆ ತಾಗುವ ಜಾಗದಲ್ಲೇ ಕೊರೆದರೆ ತಣ್ಣನೆ ಗಾಳಿ ನೇರ ಜ್ವಾಲೆಗೆ ಬಡಿದು ಅದನ್ನು ಅಲ್ಲೇ ಆರಿಸುತ್ತದೆ, ಉರಿದು ಮುಗಿಯಬೇಕಿದ್ದ ಟಾರು ಮತ್ತೆ ಹೊಗೆಯಾಗುತ್ತದೆ. ಜ್ವಾಲೆಯ ತುದಿಯಿಂದ 15–20 ಸೆಂ.ಮೀ. ಆಚೆಗಿರಬೇಕು. ಅಲ್ಲಿಂದ ಬೆರೆತ ಗಾಳಿ 4 ಮಿ.ಮೀ. ದಪ್ಪದ ಅಡ್ಡ ಫಲಕದ ಕೆಳಗೆ ಹರಡಿ, ಅದರ ನಾಲ್ಕೂ ಅಂಚಿನ 40 ಮಿ.ಮೀ. ಸಂದಿನಿಂದ ಮೇಲೇಳಬೇಕು.

ಇನ್ನು ಮೇಲೆ ಶಾಖ ಹೆಚ್ಚಾದರೆ ಬೆಂಕಿಯ ಕಿಂಡಿ ಮುಟ್ಟಬಾರದು, ಬೆರಕೆ ಕಿಂಡಿ ತೆರೆಯಬೇಕು. ಕಡಿಮೆಯಾದರೆ ಅದನ್ನು ಸ್ವಲ್ಪ ಮುಚ್ಚಬೇಕು. ಬೆರಕೆ ಕಿಂಡಿ ಪೂರ್ತಿ ತೆರೆದಾಗ ಚಿಮಣಿಯ ಎಳೆತ ಅಲ್ಲೇ ಖರ್ಚಾಗಿ ಬೆಂಕಿಗೆ ಸ್ವಲ್ಪ ಕಡಿಮೆಯಾಗುತ್ತದೆ, ಜ್ವಾಲೆ ಮಂಕಾದಂತೆ ಕಂಡರೆ ಬೆಂಕಿಯ ಕಿಂಡಿಯನ್ನು ಒಂದು ಬೆರಳು ಹೆಚ್ಚಿಸಿ. ಚಿಮಣಿಯ ಡ್ಯಾಂಪರ್, ಅಂದರೆ ಹೊಗೆ ತಡೆಯುವ ಮುಚ್ಚಳ, ಯಾವಾಗಲೂ ಪೂರ್ತಿ ತೆರೆದೇ ಇರಲಿ. ನಿಜ ಹೇಳಬೇಕೆಂದರೆ ಅದನ್ನು ಇಡುವುದೇ ಬೇಡ. ಇದ್ದರೆ ಯಾರಾದರೊಬ್ಬರು ಮುಚ್ಚುತ್ತಾರೆ.

ಚಿಮಣಿ 150 ಮಿ.ಮೀ. ವ್ಯಾಸ, ಕಪಾಟಿನ ಮೇಲೆ 1.2 ಮೀಟರ್ ಎತ್ತರ. ಈ ಅಳತೆಯಲ್ಲಿ ಹೊಗೆ ಸೆಕೆಂಡಿಗೆ ಸುಮಾರು 2 ಮೀಟರ್ ವೇಗದಲ್ಲಿ ಏಳಬೇಕಾಗುತ್ತದೆ, ಅದಕ್ಕೆ ಬೇಕಾದ ಎಳೆತ ಇಷ್ಟು ಎತ್ತರದಲ್ಲಿ ಸಿಗುತ್ತದೆ. ಅಗ್ಗವಾಯಿತೆಂದು 100 ಮಿ.ಮೀ. ಪೈಪ್ ಹಾಕಿದವರು ಜೀವನಪೂರ್ತಿ ಕಿಂಡಿ ತಿರುಗಿಸುತ್ತಾ ಕೂರುತ್ತಾರೆ. ಹೊರದೇಶದ ನಕ್ಷೆಗಳನ್ನು ಹಾಗೇ ಇಳಿಸುವವರು ಇನ್ನೊಂದು ಮರೆಯುತ್ತಾರೆ: ಬೆಂಗಳೂರು ಸಮುದ್ರಮಟ್ಟದಿಂದ 920 ಮೀಟರ್ ಮೇಲಿದೆ, ಇಲ್ಲಿನ ಗಾಳಿ ಸುಮಾರು ಶೇ. 10 ತೆಳು. ಪೈಪು ಒಂದು ಸೈಜು ದೊಡ್ಡದಿದ್ದರೆ ನಷ್ಟವಿಲ್ಲ.

ಬೆರಕೆ ಗಾಳಿಯ ಈ ಉಪಾಯದಲ್ಲಿ ಹೊಸದೇನೂ ಇಲ್ಲ. ಮಲೆನಾಡಿನ ಹಳೇ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಮೀನೋ ಮಾಂಸವೋ ತಿಂಗಳುಗಟ್ಟಲೆ ಹೊಗೆ ಕುಡಿದರೂ ಕಹಿಯಾಗುತ್ತಿರಲಿಲ್ಲ. ಒಲೆಯ ಬಾಯಿ ಸದಾ ತೆರೆದಿರುತ್ತಿತ್ತು, ಬೆಂಕಿ ತನ್ನಷ್ಟಕ್ಕೆ ಉರಿಯುತ್ತಿತ್ತು, ಹೊಗೆ ಅಟ್ಟ ಮುಟ್ಟುವಷ್ಟರಲ್ಲಿ ಅಡುಗೆಮನೆಯ ಗಾಳಿಯೆಲ್ಲ ಅದರಲ್ಲಿ ಬೆರೆತಿರುತ್ತಿತ್ತು.

ಬೆಂಕಿಗೂಡು

ಇನ್ಸುಲೇಷನ್ ಹಾಕಲು ಒಂದೇ ಜಾಗಕ್ಕೆ ದುಡ್ಡಿದೆ ಎಂದರೆ ಅದನ್ನು ಕಪಾಟಿಗೆ ಹಾಕಬೇಡಿ, ಬೆಂಕಿಗೂಡಿಗೆ ಹಾಕಿ. ಸಣ್ಣ ಬೆಂಕಿ ಚೊಕ್ಕವಾಗಿ ಉರಿಯಬೇಕಾದರೆ ಅದರ ಸುತ್ತಲಿನ ಗೋಡೆ ಕೆಂಪಗೆ ಕಾದಿರಬೇಕು. ಬರೀ 6 ಮಿ.ಮೀ. ಪ್ಲೇಟಿನ ಗೂಡಾದರೆ ಶಾಖ ಹೀರಿ ಹೊರಗೆ ಎಸೆಯುತ್ತದೆ, ಜ್ವಾಲೆ ಗೋಡೆಗೆ ತಾಗಿದಲ್ಲೆಲ್ಲ ತಣ್ಣಗಾಗಿ ಮಸಿ ಕಟ್ಟುತ್ತದೆ. ಇದನ್ನು ಬೆಂಗಳೂರಿಗರಿಗೆ ಹೇಳಿಕೊಡಬೇಕಾಗಿಯೇ ಇಲ್ಲ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದಿಂದ ಬಂದ ಅಸ್ತ್ರ ಒಲೆಯಲ್ಲಿ ಇದ್ದದ್ದೂ ಇವೇ: ಮುಚ್ಚಿದ ಗೂಡು, ಅದರಡಿ ಜಾಲರಿ, ಅಳತೆಯಿಟ್ಟ ಗಾಳಿಕಿಂಡಿ, ಚಿಮಣಿ. ಸ್ಮೋಕರ್ ಮಾಡಿಸುವವರು ವಿದೇಶಿ ವಿಡಿಯೋ ನೋಡುವ ಮೊದಲು ಹಳ್ಳಿಯಲ್ಲಿ ಉಳಿದಿರುವ ಒಂದು ಅಸ್ತ್ರ ಒಲೆಯ ಬಾಯೊಳಗೆ ಬಗ್ಗಿ ನೋಡಿದರೆ ಅರ್ಧ ಕೆಲಸ ಮುಗಿಯುತ್ತದೆ.

ಒಳಅಳತೆ 30 × 30, ಜಾಲರಿಯಿಂದ ಮೇಲಕ್ಕೆ 30 ಸೆಂ.ಮೀ. ಇದಕ್ಕಿಂತ ದೊಡ್ಡದು ಮಾಡಿದರೆ ಸಣ್ಣ ಬೆಂಕಿ ದೊಡ್ಡ ಛತ್ರದಲ್ಲಿ ಒಬ್ಬನೇ ಕೂತಂತೆ. ಗೋಡೆಗೆ 230 × 115 × 75 ಮಿ.ಮೀ.ಯ ಹಗುರ ಇನ್ಸುಲೇಷನ್ ಇಟ್ಟಿಗೆಯನ್ನು 75 ಮಿ.ಮೀ. ದಪ್ಪ ಬರುವಂತೆ ನಿಲ್ಲಿಸಿ ಕಟ್ಟಬೇಕು, ಹದಿನಾರರಿಂದ ಹದಿನೆಂಟು ಬೇಕಾಗುತ್ತವೆ. ಇವು ಮರ ಕೊಯ್ಯುವ ಗರಗಸಕ್ಕೇ ಕೊಯ್ಯುತ್ತವೆ, ಅಷ್ಟು ಮೆದು. ಅದಕ್ಕೇ ತಳಕ್ಕೆ ಮತ್ತು ಸೌದೆ ತಾಗುವ ಬಾಗಿಲ ಬದಿಗೆ ಗಟ್ಟಿ ಬೆಂಕಿ ಇಟ್ಟಿಗೆಯನ್ನೇ ಹಾಕಬೇಕು. ಇಟ್ಟಿಗೆ ಹಿಂದೆ 25 ಮಿ.ಮೀ. ಸೆರಾಮಿಕ್ ಬ್ಲಾಂಕೆಟ್, ಆಮೇಲೆ 3 ಮಿ.ಮೀ. ಎಂ.ಎಸ್. (ಮಾಮೂಲಿ ಉಕ್ಕಿನ) ಹೊರಕವಚ. ಸಂದುಗಳಿಗೆ ಬೆಂಕಿ ತಾಳುವ ಮಣ್ಣು, ಅಂದರೆ ಫೈರ್ ಕ್ಲೇ, ಸಿಮೆಂಟ್ ಬೇಡವೇ ಬೇಡ. ಸಿಮೆಂಟು ನಾಲ್ಕನೇ ಬೆಂಕಿಗೆ ಪುಡಿಯಾಗಿ ಉದುರುತ್ತದೆ. ಬ್ಲಾಂಕೆಟ್ ಕತ್ತರಿಸುವಾಗ ಮಾಸ್ಕ್, ಕೈಗವಸು ಕಡ್ಡಾಯ. ಅದರ ನೂಲು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಶೆಡ್ಡಿನ ಹುಡುಗರು ಅದನ್ನು ಹತ್ತಿಯಂತೆ ಬರಿಗೈಲಿ ಹರಿಯುವುದನ್ನು ನೋಡಿದರೆ ಮೈ ಜುಂ ಎನ್ನುತ್ತದೆ.

ಜಾಲರಿಗೆ 12 ಮಿ.ಮೀ. ಚೌಕ ಸರಳು, ನಡುವೆ 15 ಮಿ.ಮೀ. ಸಂದು, ಕೆಳಗೆ ಬೂದಿಗೆ 10 ಸೆಂ.ಮೀ. ಜಾಗ. ಸರಳುಗಳನ್ನು ಚೌಕಟ್ಟಿಗೆ ವೆಲ್ಡ್ ಮಾಡಬೇಡಿ, ತೋಡಿನಲ್ಲಿ ಕೂರಿಸಿಡಿ. ಕಾದು ಹಿಗ್ಗಿದಾಗ ಜಾಗ ಬೇಕು, ವರ್ಷಕ್ಕೊಮ್ಮೆ ಸುಟ್ಟುಹೋದ ಸರಳು ಬದಲಿಸಲೂ ಸುಲಭ. ಬೆಂಕಿಗೂಡಿನಿಂದ ಕಪಾಟಿಗೆ ಹೋಗುವ ಕತ್ತು 10 × 20 ಸೆಂ.ಮೀ. ಇದು ಚಿಮಣಿಯ ಅಡ್ಡಕೊಯ್ತಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ಇರಬೇಕು.

ಗೋಡೆಗಿಂತ ಬಾಗಿಲು

ಕಪಾಟಿನ ಒಳಗೋಡೆ 2 ಮಿ.ಮೀ. ಸಾಕು, 3 ಆದರೆ ಗಟ್ಟಿ. ಇನ್ಸುಲೇಷನ್ ಇಲ್ಲದ ಸ್ಮೋಕರುಗಳಿಗೆ 6 ಮಿ.ಮೀ. ಪ್ಲೇಟ್ ಹಾಕುವುದು ಶಾಖ ಹಿಡಿದಿಡಲಿ ಎಂದು. ಇಲ್ಲಿ ಆ ಕೆಲಸ ರಾಕ್‌ವೂಲಿನದು. 3 ಮಿ.ಮೀ. ಎಂದರೆ ಚದರ ಮೀಟರಿಗೆ 23.5 ಕೆ.ಜಿ., ಒಳಪೆಟ್ಟಿಗೆಯೊಂದೇ 68 ಕೆ.ಜಿ. ಇಟ್ಟಿಗೆ, ಹೊರಶೀಟು, ಸ್ಟ್ಯಾಂಡು ಎಲ್ಲ ಸೇರಿದರೆ 200ರ ಹತ್ತಿರ. ಟೆರೇಸಿಗೆ ಸಾಗಿಸುವವರು ಶೀಟು ಕತ್ತರಿಸುವ ಮೊದಲು ಲಿಫ್ಟಿನ ಬಾಗಿಲಿಗೆ ಟೇಪು ಹಿಡಿದು ನೋಡಬೇಕು. ಹೊರಅಳತೆ 70 ಸೆಂ.ಮೀ. ಬರುತ್ತದೆ, ಹಿಡಿಕೆ, ಹಿಂಜು ಬೇರೆ. ಬೆಂಕಿಗೂಡನ್ನು ಬೋಲ್ಟಿನಿಂದ ಬಿಚ್ಚುವಂತೆ ಮಾಡಿಸಿದರೆ ಮಾತ್ರ ಮನುಷ್ಯರಿಂದ ಎತ್ತಲು ಸಾಧ್ಯ.

ಒಳಗೆ ಎಲ್ಲೂ ಸತುವಿನ ಲೇಪವಿರುವ ಜಿ.ಐ. ಶೀಟಾಗಲಿ ಜಿ.ಐ. ಮೆಶ್ಶಾಗಲಿ ಬೇಡ. ಸತುವು 420 ಡಿಗ್ರಿಗೆ ಕರಗುತ್ತದೆ, ಬೆಂಕಿಗೂಡಿನ ಹತ್ತಿರ ಆ ಶಾಖ ಸಾಮಾನ್ಯ. ವೆಲ್ಡ್ ಮಾಡುವಾಗಲಂತೂ ಅದರ ಹೊಗೆ ಕುಡಿದವನು ರಾತ್ರಿ ಜ್ವರ ಬಂದು ಮಲಗುತ್ತಾನೆ. ಹೊರಶೀಟಿಗೆ ಜಿ.ಐ. ಆಗಬಹುದು. ಲೆಕ್ಕದ ಪ್ರಕಾರ ಅದು 35–40 ಡಿಗ್ರಿ ದಾಟುವುದಿಲ್ಲ, ಅಂಗೈ ಇಟ್ಟರೆ ಬೆಚ್ಚಗಿರುತ್ತದೆ ಅಷ್ಟೇ. ಹೊರಶೀಟನ್ನು ವೆಲ್ಡ್ ಮಾಡದೆ ಪಾಪ್ ರಿವೆಟ್ ಹೊಡೆಸಿ. ಮುಂದೊಂದು ದಿನ ಬಿಚ್ಚಬೇಕಾಗಿ ಬರುತ್ತದೆ.

ಇನ್ನು ಚೌಕಟ್ಟು. ಬಾಗಿಲಿನ ಬಾಯಿ 50 × 80 ಎಂದರೆ ಸುತ್ತಳತೆ 2.6 ಮೀಟರ್. ಒಳಪೆಟ್ಟಿಗೆಯನ್ನೂ ಹೊರಪೆಟ್ಟಿಗೆಯನ್ನೂ ಅಲ್ಲಿ 3 ಮಿ.ಮೀ. ಎಂ.ಎಸ್. ಪಟ್ಟಿಯಿಂದ ಜೋಡಿಸಿದರೆ, ಆ ಪಟ್ಟಿಯೊಂದಕ್ಕೇ 700 ವ್ಯಾಟಿನವರೆಗೆ ಶಾಖ ದಾಟಿಸುವ ಯೋಗ್ಯತೆ ಇದೆ. ಇಡೀ ಗೋಡೆಗಳಿಂದ ಹೋಗುತ್ತಿದ್ದದ್ದು 220! ಅದೇ ಜಾಗದಲ್ಲಿ ಒಂದೂವರೆ ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ ಹಾಕಿದರೆ 120ಕ್ಕೆ ಇಳಿಯುತ್ತದೆ, ಯಾಕೆಂದರೆ ಸ್ಟೇನ್‌ಲೆಸ್ ಶಾಖ ಸಾಗಿಸುವುದರಲ್ಲಿ ಎಂ.ಎಸ್.ನ ಮೂರನೇ ಒಂದು ಪಾಲು ಮಾತ್ರ. ಪಟ್ಟಿಯಲ್ಲಿ ಬೋಲ್ಟಿನ ತೂತುಗಳನ್ನು ಉದ್ದುದ್ದ ಕೊರೆಸಿ. 90 ಸೆಂ.ಮೀ. ಒಳಗೋಡೆ ಕಾದಾಗ ಒಂದು ಮಿಲಿಮೀಟರ್ ಬೆಳೆಯುತ್ತದೆ, ಹೊರಗೋಡೆ ಇದ್ದಲ್ಲೇ ಇರುತ್ತದೆ. ಎರಡನ್ನೂ ಬಿಗಿದು ಬೆಸೆದರೆ ಹೊರಶೀಟು ಡಬ್ ಡಬ್ ಎಂದು ಸದ್ದು ಮಾಡುತ್ತಾ ಉಬ್ಬುತ್ತದೆ, ಕೆಲವು ತಿಂಗಳಲ್ಲಿ ಮೂಲೆಯ ವೆಲ್ಡು ಬಿಡುತ್ತದೆ.

ಮೊದಲು ಹೇಳಿದ ಅದೇ ಶೆಡ್ಡಿನಲ್ಲಿ ಬಾಗಿಲಿನದೂ ಒಂದು ಕಥೆ ನಡೆಯಿತು. ಸಂಜೆ ಹೋಗುವ ಅವಸರದಲ್ಲಿ ಮೇಸ್ತ್ರಿ ಬಾಗಿಲ ಒಳಶೀಟಿಗೆ ಚೌಕಟ್ಟನ್ನು ಒಂದೇ ಉಸಿರಿಗೆ ಸುತ್ತಲೂ ಫುಲ್ ವೆಲ್ಡ್ ಹೊಡೆದಿದ್ದರು. ನೋಡಲು ಚಂದದ ಬೀಡಿಂಗು. ಬೆಳಗ್ಗೆ ಬಾಗಿಲನ್ನು ಟೇಬಲ್ಲಿನ ಮೇಲೆ ಮಲಗಿಸಿ ಒಂದು ಮೂಲೆ ಒತ್ತಿದರೆ ಎದುರು ಮೂಲೆ ಟಕ್ ಎಂದು ಏಳುತ್ತಿತ್ತು. ಸಂದಿಗೆ 6 ಮಿ.ಮೀ. ರಾಡು ಸಲೀಸಾಗಿ ತೂರಿತು. "ಗ್ಯಾಸ್ಕೆಟ್ ಹಾಕಿದ್ರೆ ಕೂತ್ಕೊಳ್ಳುತ್ತೆ ಬಿಡಿ ಸಾರ್." ಕೂರಲಿಲ್ಲ. ಸುತ್ತಿಗೆ ಬಂತು, ಜಾಕ್ ಬಂತು, ಗ್ಯಾಸ್ ಟಾರ್ಚಲ್ಲಿ ಕಾಯಿಸಿ ಒದ್ದೆ ಬಟ್ಟೆ ಹಾಕಿದ್ದಾಯಿತು. ಒಂದು ಮೂಲೆ ಇಳಿದರೆ ಇನ್ನೊಂದು ಎದ್ದಿತು. ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿಯೇ ಗ್ರೈಂಡರ್ ತೆಗೆದುಕೊಂಡು ಎಲ್ಲ ವೆಲ್ಡನ್ನೂ ಕೊಯ್ದು ಹಾಕಿದರು. ಎರಡನೇ ಸಲ ಬಾಗಿಲನ್ನು ಕಪಾಟಿನ ಬಾಯಿಗೇ ಕ್ಲ್ಯಾಂಪಿನಿಂದ ಬಿಗಿದು, 25 ಮಿ.ಮೀ. ಟ್ಯಾಕು (ತುಂಡು ವೆಲ್ಡು), 100 ಮಿ.ಮೀ. ಬಿಟ್ಟು ಮತ್ತೊಂದು, ಒಂದು ಮೂಲೆಯಲ್ಲಿ ಒಂದಾದರೆ ಎದುರು ಮೂಲೆಯಲ್ಲಿ ಇನ್ನೊಂದು, ನಡುವೆ ಬರಿಗೈಲಿ ಮುಟ್ಟುವಷ್ಟು ಆರಲು ಬಿಟ್ಟು ಮಾಡಿದರು. ಒಂದು ಗಂಟೆಯ ಕೆಲಸ ಅರ್ಧ ದಿನ ಹಿಡಿಯಿತು. ಬಾಗಿಲು ಕೂತಿತು. ಹೊಗೆ ಸೋರಬಾರದ ಸೀಮುಗಳಿಗೆ ಆಮೇಲೆ ಬಿಟ್ಟ ಜಾಗಗಳನ್ನು ಇದೇ ಕ್ರಮದಲ್ಲಿ ತುಂಬಿಕೊಂಡು ಬರಬಹುದು.

ಗ್ಯಾಸ್ಕೆಟ್ಟಿಗೆ ಬಾಯ್ಲರ್ ಸಾಮಾನು ಮಾರುವವರ ಹತ್ತಿರ ಸಿಗುವ 20 ಮಿ.ಮೀ. ಗ್ಲಾಸ್ ರೋಪ್ (ಗಾಜಿನ ನೂಲಿನ ಹಗ್ಗ). ಪರೀಕ್ಷೆಗೆ ಹತ್ತು ರೂಪಾಯಿ ನೋಟು: ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆದರೆ ಸುತ್ತಲೂ ಒಂದೇ ಬಿಗಿಯಲ್ಲಿ ಬರಬೇಕು. ಜಾರಿಬರುವ ಜಾಗಕ್ಕೆ ಎಳೆದು ಬಿಗಿಯುವ ಇನ್ನೊಂದು ಚಿಲಕ (ಟಾಗಲ್ ಲ್ಯಾಚ್) ಬೇಕು ಎಂದರ್ಥ.

ರಾಕ್‌ವೂಲ್ ತುಂಬುವುದರಲ್ಲಿ ಹೇಳುವಂಥದ್ದು ಕಡಿಮೆ. ತುರುಕಬಾರದು, ಕೂರಿಸಬೇಕು, ಎರಡು ಪದರ ಹಾಕಿದರೆ ಸಂದುಗಳು ಒಂದರ ಮೇಲೊಂದು ಬರಬಾರದು. ಬೆಂಕಿಗೂಡಿಗೆ ತಾಗುವ ತಳಕ್ಕೆ ರಾಕ್‌ವೂಲ್ ಬಿಟ್ಟು ಸೆರಾಮಿಕ್ ಬ್ಲಾಂಕೆಟ್ ಹಾಕಿ. ಅತಿ ಕೆಳಗಿನ ಮೂಲೆಗಳಲ್ಲಿ ಹೊರಶೀಟಿಗೆ 6 ಮಿ.ಮೀ. ತೂತು ಎರಡು ಬಿಟ್ಟಿರಿ. ಮಳೆನೀರು ಹೇಗೋ ಒಳಗೆ ಹೋಗೇ ಹೋಗುತ್ತದೆ, ಹೊರಗೆ ಬರಲೂ ದಾರಿ ಇರಲಿ. ಒದ್ದೆಯಾದ ರಾಕ್‌ವೂಲ್ ಒದ್ದೆ ಕಂಬಳಿ ಇದ್ದ ಹಾಗೆ.

ಡಿಪೋದ ಸೌದೆ

ಸೌದೆ ಡಿಪೋದಲ್ಲಿ "ಒಣಗಿದ್ದು" ಎಂದು ಕೊಡುವುದು ಹೊರಗೆ ಒಣಗಿರುತ್ತದೆ. ನೀರಂಶ ಶೇ. 20ಕ್ಕಿಂತ ಕಡಿಮೆ ಇದ್ದರೆ ಮಾತ್ರ ಮೇಲಿನ ಲೆಕ್ಕವೆಲ್ಲ ಲೆಕ್ಕ. ಮೀಟರಿಲ್ಲದೆ ತಿಳಿಯಲು ಒಂದು ತುಂಡನ್ನು ಅಡುಗೆಮನೆ ತಕ್ಕಡಿಯಲ್ಲಿ ವಾರವಾರ ತೂಗಿ. ತೂಕ ಇಳಿಯುವುದು ನಿಲ್ಲುವವರೆಗೂ ಅದು ಇನ್ನೂ ಒಣಗುತ್ತಿದೆ. ಸೀಳಿ, ಸೂರಿನಡಿ ಗಾಳಿಯಾಡುವಂತೆ ಜೋಡಿಸಿ ಒಂದು ಬೇಸಿಗೆ ಕಳೆದರೆ ಸಾಕು. ಮಳೆಗಾಲದಲ್ಲಿ ಕೊಂಡದ್ದನ್ನು ಮಳೆಗಾಲದಲ್ಲೇ ಉರಿಸುವ ಆಸೆ ಬಿಡಬೇಕು.

ಜಾತಿಯ ಬಗ್ಗೆ ಜನ ಬಹಳ ತಲೆ ಕೆಡಿಸಿಕೊಳ್ಳುತ್ತಾರೆ. ಅಮೆರಿಕದ ಓಕು, ಹಿಕರಿ ಪೊಟ್ಟಣ ತರಿಸುವ ಖರ್ಚು ನನ್ನ ಮಟ್ಟಿಗೆ ದಂಡ. ಹುಣಸೆ ಗಟ್ಟಿ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಮಾವು ಸೌಮ್ಯ, ಕೋಳಿಗೆ ಹೇಳಿಮಾಡಿಸಿದ್ದು. ಸೀಬೆ ಸಿಕ್ಕರೆ ಅದೃಷ್ಟ. ಎಲ್ಲಕ್ಕಿಂತ ಕೈಗೊದಗುವುದು ಕೊಡಗು, ಚಿಕ್ಕಮಗಳೂರು ಕಡೆಯಿಂದ ಬರುವ ಕಾಫಿ ಗಿಡದ ಕಟ್ಟಿಗೆ. ರೆಂಬೆ ಸವರಿ ತೆಗೆದದ್ದು ಹೆಬ್ಬೆರಳಿನಿಂದ ಮುಂಗೈ ದಪ್ಪದವರೆಗೆ ಇರುತ್ತದೆ, ಸೀಳುವ ಕೆಲಸವೇ ಇಲ್ಲ. ನೀಲಗಿರಿ ಬೇಡ, ಎಣ್ಣೆ ವಾಸನೆ ಮಾಂಸ ಬಿಡುವುದಿಲ್ಲ. ಬೇವಂತೂ ಬೇಡ. ಪೀಣ್ಯದ ಕಡೆ ಪುಕ್ಕಟೆ ಸಿಗುವ ಪ್ಯಾಲೆಟ್ ಮರದ ಮೇಲೆ 'ಎಂ.ಬಿ.' ಎಂದು ಸುಟ್ಟ ಮುದ್ರೆ ಇದ್ದರೆ ಅದಕ್ಕೆ ಮೀಥೈಲ್ ಬ್ರೋಮೈಡ್ ವಿಷಗಾಳಿ ಹಾಕಿದ್ದಾರೆ ಎಂದರ್ಥ. 'ಎಚ್.ಟಿ.' ಮುದ್ರೆಯದು ಬರೀ ಕಾಯಿಸಿದ್ದು, ಆದರೂ ಅದರ ಮೇಲೆ ಏನೇನು ಚೆಲ್ಲಿದೆಯೋ ಯಾರು ಬಲ್ಲರು. ಪ್ಲೈವುಡ್ ಚೂರು ಒಲೆ ಹಚ್ಚಲೂ ಬೇಡ.

ಅಳತೆ ಜಾತಿಗಿಂತ ಮುಖ್ಯ. 3 ಸೆಂ.ಮೀ. ದಪ್ಪ, 25 ಸೆಂ.ಮೀ. ಉದ್ದದ ಸೀಳು ಸುಮಾರು 170 ಗ್ರಾಂ ತೂಗುತ್ತದೆ. ಹದಿನೈದು ನಿಮಿಷಕ್ಕೊಂದು ಇಟ್ಟರೆ ಗಂಟೆಗೆ 700 ಗ್ರಾಂ ಲೆಕ್ಕ ಕೂಡುತ್ತದೆ. ಮುಂದಿನ ನಾಲ್ಕು ತುಂಡು ಬೆಂಕಿಗೂಡಿನ ಮೇಲೆಯೇ ಕಾಯುತ್ತಿರಲಿ, ಬಿಸಿಯಾದ ಸೌದೆ ಇಟ್ಟ ಅರ್ಧ ನಿಮಿಷದಲ್ಲಿ ಹೊತ್ತುತ್ತದೆ, ತಣ್ಣನೆಯದು ಐದು ನಿಮಿಷ ಹೊಗೆಯಾಡುತ್ತದೆ.

ಹದಿನೈದು ನಿಮಿಷಕ್ಕೊಂದು ಅಂದ ತಕ್ಷಣ ಹಲವರ ಮುಖ ಬಾಡುತ್ತದೆ. ಹಂದಿ ಭುಜ ಹತ್ತು ಗಂಟೆ ಬೇಯುತ್ತದೆ, ಅಷ್ಟೂ ಹೊತ್ತು ಯಾರು ಕೂರುತ್ತಾರೆ? ರಾತ್ರಿ ಮಲಗಬೇಕು ಎನ್ನುವವರು ಶಾಖಕ್ಕೆ ಇದ್ದಿಲು, ಪರಿಮಳಕ್ಕೆ ಎರಡು ಮೂರು ತುಂಡು ಸೌದೆ ಎಂದು ಒಪ್ಪಿಕೊಂಡುಬಿಡುವುದು ಒಳ್ಳೆಯದು. ಇದ್ದಿಲಿನ ಟಾರೆಲ್ಲ ಭಟ್ಟಿಯಲ್ಲೇ ಹೋಗಿರುತ್ತದೆ, ಕಡಿಮೆ ಗಾಳಿಯಲ್ಲೂ ಕಹಿಯಿಲ್ಲದೆ ಉರಿಯುತ್ತದೆ. ಇನ್ಸುಲೇಷನ್ ಇರುವ ಪೆಟ್ಟಿಗೆಯಲ್ಲಿ ಗಂಟೆಗೆ 100–150 ಗ್ರಾಂ ಸಾಕಾಗುತ್ತದೆ. ಇದರಲ್ಲಿ ಅವಮಾನವೇನಿಲ್ಲ. ಆದರೆ ಮುಚ್ಚಿದ ಬಾಲ್ಕನಿಯಲ್ಲಿ ಇಟ್ಟುಕೊಂಡು ಮಲಗಬೇಡಿ. ಉಸಿರುಗಟ್ಟಿದ ಇದ್ದಿಲು ಬಿಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

97 ಡಿಗ್ರಿ

ಮೊದಲ ಬೆಂಕಿ ಊಟಕ್ಕಲ್ಲ. ರಾಕ್‌ವೂಲಿನ ಅಂಟು 200 ಡಿಗ್ರಿ ದಾಟಿದಾಗ ಸುಟ್ಟು ವಾಸನೆ ಬಿಡುತ್ತದೆ. ಒಳಗೋಡೆಗೆ ತೆಳ್ಳಗೆ ಕಡ್ಲೆಕಾಯಿ ಎಣ್ಣೆ ಸವರಿ, 220ರಲ್ಲಿ ನಾಲ್ಕು ಗಂಟೆ ಉರಿಸಿ. ಒಳಗೆ ಯಾವ ಪೇಂಟೂ ಬೇಡ, ಆ ಎಣ್ಣೆಯ ಪದರವೇ ಪೇಂಟು. ಆರಿದ ಮೇಲೆ ಬೋಲ್ಟುಗಳನ್ನೆಲ್ಲ ಇನ್ನೊಮ್ಮೆ ಬಿಗಿಯಬೇಕು.

ಎರಡನೇ ಬೆಂಕಿಯಲ್ಲಿ ಬೇಕರಿ ಬ್ರೆಡ್ಡು. 180 ಡಿಗ್ರಿಗೆ ತಂದು ನಾಲ್ಕೂ ತಟ್ಟೆಯ ಮೇಲೆ ಸ್ಲೈಸು ಹರಡಿ ಕಾಲು ಗಂಟೆ ಬಿಟ್ಟು ನೋಡಿದರೆ, ಎಲ್ಲಿ ಕಪ್ಪಾಗಿದೆ, ಎಲ್ಲಿ ಬೆಳ್ಳಗಿದೆ ಎಂಬ ನಕ್ಷೆಯೇ ಸಿಗುತ್ತದೆ. ಕಪ್ಪಾದ ಕಡೆಗೆ ಅಡ್ಡ ಫಲಕವನ್ನು ಒಂದೆರಡು ಸೆಂ.ಮೀ. ಸರಿಸಿ ಆ ಸಂದು ಕಿರಿದು ಮಾಡಿ. ಹೊಗೆಯ ಪರೀಕ್ಷೆಗೆ ತೊಳೆದ ಸ್ಟೀಲ್ ತಟ್ಟೆಯನ್ನು ಚಿಮಣಿ ಬಾಯಿಗೆ ಒಂದು ನಿಮಿಷ ಹಿಡಿಯಿರಿ. ಕಂದು ಬಣ್ಣದ ಅಂಟು ಕೂತರೆ ಮಾಂಸದ ಮೇಲೂ ಅದೇ ಕೂರುತ್ತದೆ.

ಥರ್ಮಾಮೀಟರಿನಲ್ಲಿ ಒಂದು ಮೋಸ ಇದೆ. ಬಾಗಿಲಿಗೆ ಚುಚ್ಚಿದ ದುಂಡು ಡಯಲ್ಲು ಬಾಗಿಲಿನ ಶಾಖ ಹೇಳುತ್ತದೆ, ಮಾಂಸದ ಪಕ್ಕದ್ದಲ್ಲ, ಎಸ್.ಪಿ. ರಸ್ತೆಯಲ್ಲಿ ಸಿಗುವ ತಂತಿಯ ತುದಿಯಲ್ಲಿ ಶಾಖ ಅಳೆಯುವ ಕೆ-ಟೈಪ್ ಥರ್ಮೋಕಪಲ್ ಒಂದನ್ನು ತಟ್ಟೆಯ ಮಟ್ಟದಲ್ಲಿ ಇಳಿಬಿಡಬೇಕು. ಅದನ್ನು ಕುದಿಯುವ ನೀರಲ್ಲಿ ಅದ್ದಿ 100 ತೋರಿಸುವಂತೆ ತಿದ್ದುವವರು ಮತ್ತೆ ಎತ್ತರ ಮರೆಯುತ್ತಾರೆ. ಬೆಂಗಳೂರಿನಲ್ಲಿ ನೀರು ಕುದಿಯುವುದು 97ರ ಹತ್ತಿರ. 97 ತೋರಿಸಿದರೆ ಮೀಟರು ಸರಿಯಾಗಿಯೇ ಇದೆ, ತಿದ್ದಿದರೆ ಕೆಡಿಸಿದ ಹಾಗೆ. ಹಂದಿ ಭುಜವನ್ನು ಒಳಗೆ 95 ಮುಟ್ಟುವವರೆಗೆ ಬಿಡಿ ಎಂದು ಪುಸ್ತಕಗಳು ಹೇಳುವಾಗ, ಇಲ್ಲಿ ಅದು ಕುದಿಯುವ ಬಿಂದುವಿಗೆ ಎರಡೇ ಡಿಗ್ರಿ ಕೆಳಗೆ. ಕೊನೆಯ ಒಂದು ಡಿಗ್ರಿಗೆ ಗಂಟೆಗಟ್ಟಲೆ ಕಾಯುತ್ತಾ ಮಾಂಸ ಒಣಗಿಸುವ ಬದಲು 92–93ರಲ್ಲಿ ಕಡ್ಡಿ ಚುಚ್ಚಿ ನೋಡಿ. ಬೆಣ್ಣೆಗೆ ಇಳಿದಂತೆ ಇಳಿದರೆ ತೆಗೆಯಿರಿ. 65ರಿಂದ 75ರ ನಡುವೆ ಮೀಟರು ಎರಡು ಮೂರು ಗಂಟೆ ಅಲ್ಲಾಡದೆ ನಿಲ್ಲುವುದು ಬೇರೆ ವಿಷಯ. ಮಾಂಸ ಬೆವರಿ ತಣ್ಣಗಾಗುವುದು ಅದಕ್ಕೆ ಕಾರಣ. ಅಲ್ಲಿ ಬೆಂಕಿ ಹೆಚ್ಚಿಸುವ ಗಡಿಬಿಡಿ ಬೇಡ.

ಇಷ್ಟು ಗಾಳಿ ಹರಿದರೆ ಮಾಂಸ ಒಣಗುವುದಿಲ್ಲವೇ ಎಂಬ ಆಕ್ಷೇಪ ಸರಿಯೇ. ಅಡ್ಡ ಫಲಕದ ಮೇಲೆ ಅಗಲ ಬಾಯಿಯ ತಪ್ಪಲೆಯಲ್ಲಿ ಮೂರು ಲೀಟರ್ ನೀರಿಡಿ. ಗಂಟೆಗೆ ಅರ್ಧ ಲೀಟರ್ ಆವಿಯಾದರೆ ಅದು ಸುಮಾರು 300 ವ್ಯಾಟ್ ಶಾಖವನ್ನೂ ತಿನ್ನುತ್ತದೆ, ಬೆಂಕಿಗೆ ಇನ್ನೂ ಸ್ವಲ್ಪ ಕೆಲಸ ಸಿಕ್ಕಂತಾಯಿತು. ಖಾಲಿಯಾಗಲು ಮಾತ್ರ ಬಿಡಬೇಡಿ, ತಪ್ಪಲೆ ಒಣಗಿದ ಕ್ಷಣ ಶಾಖ ಹಾರುತ್ತದೆ.

ಕೊಬ್ಬು ಹರಿದುಹೋಗಲು ತಳವನ್ನು ಮೀಟರಿಗೆ 2 ಸೆಂ.ಮೀ. ಓರೆ ಮಾಡಿ, ಬೆಂಕಿಯ ಕತ್ತಿಗೆ ಎದುರು ಬದಿಯಲ್ಲಿ ಒಂದಿಂಚು ಪೈಪು ಬಾಲ್ ವಾಲ್ವ್ ಸಮೇತ ಇಳಿಬಿಟ್ಟರೆ ಆಯಿತು. ಬೇಯುವಾಗ ಕೆಳಗೊಂದು ಹಳೇ ಡಬ್ಬ, ವಾಲ್ವು ತೆರೆದೇ ಇರಲಿ. ಮುಗಿದ ಮೇಲೆ ಪೆಟ್ಟಿಗೆ ಬೆಚ್ಚಗಿರುವಾಗಲೇ ತಳ ಕೆರೆದು, ಬೂದಿ ತೆಗೆದುಬಿಡಬೇಕು. ಬೂದಿ ರಾತ್ರಿಯ ತೇವ ಹೀರಿ ಸರಳುಗಳನ್ನು ತಿನ್ನುತ್ತದೆ, ಹಳೇ ಕೊಬ್ಬಿಗೆ ಮುಂದಿನ ಸಲ ಬೆಂಕಿ ಹತ್ತುತ್ತದೆ. ಆರಿದ ಮೇಲೆ ಚಿಮಣಿಗೆ ಟೋಪಿ ಹಾಕಿ, ಬಾಗಿಲನ್ನು ಮಾತ್ರ ಒಂದು ಬೆರಳು ತೆರೆದಿಡಿ. ಬಿಗಿಯಾಗಿ ಮುಚ್ಚಿಟ್ಟ ಪೆಟ್ಟಿಗೆಯನ್ನು ಜೂನಿನಲ್ಲಿ ಹದಿನೈದು ದಿನ ಬಿಟ್ಟು ತೆರೆದರೆ, ತಟ್ಟೆಗಳ ಮೇಲೆ ಬಿಳಿ ಬೂಷ್ಟು ಹತ್ತಿಯಂತೆ ಬೆಳೆದಿರುತ್ತದೆ.